ಹೆಗ್ಗನಹಳ್ಳಿ ಗ್ಯಾರೇಜೂ, ಕುದಿಯುವ ಇಂಜಿನ್ನೂ

ಶಿರಾಡಿ ಘಾಟಿಯಲ್ಲಿ ಬಾನೆಟ್ ಎತ್ತಿಕೊಂಡು, ಹೊಗೆಯಾಡುತ್ತಾ ನಿಂತ ಅಂಬಾಸಡರ್ ನೆನಪಿದೆಯಾ? ಆಗ ಅದು ಕಾಯಿಲೆ ಅಲ್ಲ, ಪ್ರಯಾಣದ ಒಂದು ಭಾಗ. ಡಿಕ್ಕಿಯಲ್ಲಿ ಒಂದು ಕ್ಯಾನ್ ನೀರು ಇಟ್ಟುಕೊಂಡೇ ಹೊರಡೋದು. ಅರ್ಧ ಗಂಟೆ ನಿಲ್ಲಿಸಿ, ನೀರು ಹಾಕಿ, ಮತ್ತೆ ಹೊರಟರೆ ಆಯ್ತು. ಇವತ್ತಿನ ಕಾರು ಅಷ್ಟು ಬಿಸಿಯಾದರೆ ಬಿಲ್ಲು ಐದಂಕಿಗೆ ಹೋಗುತ್ತೆ. ಈ ನಡುವೆ ಏನಾಯ್ತು ಅನ್ನೋದರ ಹಿಂದೆ ಒಂದು ಸಣ್ಣ ಇತಿಹಾಸ ಇದೆ.

ಇಂಜಿನ್ ತಣ್ಣಗಿಡುವ ಸಮಸ್ಯೆ ಕಾರಿನಷ್ಟೇ ಹಳೇದು. 1901ರ ಮರ್ಸಿಡಿಸ್ ಕಾರಿಗೆ ವಿಲ್‌ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಅದರಲ್ಲಿ 8,070 ಪುಟ್ಟ ಕೊಳವೆಗಳು! ಇವತ್ತು ನಮ್ಮ ಕಾರಿನ ಮೂತಿಯಲ್ಲಿರೋದು ಅದರದೇ ವಂಶ. ಫೋರ್ಡ್ ಟಿ ಮಾಡೆಲ್‌ನಲ್ಲಂತೂ ಮೊದಲ ಕೆಲವು ಸಾವಿರ ಕಾರು ಬಿಟ್ಟರೆ ನೀರಿನ ಪಂಪೇ ಇರಲಿಲ್ಲ. ಬಿಸಿನೀರು ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ, ಅಷ್ಟೇ.

ಅಂಬಾಸಡರ್ (ಉತ್ತಾರ್‌ಪಾರಾದಲ್ಲಿ 2014ರವರೆಗೂ ತಯಾರಾಯ್ತು) ಕಾಲದ ರೇಡಿಯೇಟರ್ ತಾಮ್ರ ಹಿತ್ತಾಳೆಯದು. ಕಟ್ಟಿಕೊಂಡರೆ ಮೇಲಿನ ಟ್ಯಾಂಕನ್ನು ಬೆಂಕಿಯಲ್ಲಿ ಬಿಚ್ಚಿ, ಕೊಳವೆಗಳಿಗೆ ಸಲಾಕೆ ತೂರಿಸಿ ಪಾಚಿ, ಸುಣ್ಣ ಎಲ್ಲಾ ತಳ್ಳಿ, ಮತ್ತೆ ಬೆಸುಗೆ ಹಾಕೋರು. ಅದರ ಪೆಟ್ರೋಲ್ ಇಂಜಿನ್ನಿನ ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣ. ಸ್ವಲ್ಪ ಕುದಿದರೂ ತಡೆದುಕೊಳ್ಳುತ್ತಿತ್ತು. ಫ್ಯಾನು ಬೆಲ್ಟಿನಲ್ಲಿ ತಿರುಗೋದು, ಬೆಲ್ಟ್ ಹರಿದರೆ ಕಣ್ಣಿಗೇ ಕಾಣೋದು. ಮೇಸ್ತ್ರಿ ಮುಟ್ಟಿ, ಮೂಸಿ, ಕಿವಿಗೊಟ್ಟು ಹೇಳಿಬಿಡುತ್ತಿದ್ದ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಇಂಜಿನ್ ಅಡ್ಡಡ್ಡ ಕೂತಿತ್ತು, ಹಾಗಾಗಿ ಬೆಲ್ಟಿನ ಫ್ಯಾನ್ ಹೋಗಿ ಕರೆಂಟಿನ ಫ್ಯಾನ್. ಹೆಡ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ. ಸೂಜಿ ಕೆಂಪಿಗೆ ಹೋದಮೇಲೂ "ಇನ್ನೊಂದು ಕಿಲೋಮೀಟರ್, ಮನೆ ಬಂತು" ಅಂತ ಓಡಿಸಿದರೆ ಹೆಡ್ ಸೊಟ್ಟಗಾಗುತ್ತೆ. ಆಮೇಲಿನ ಕಾರುಗಳಲ್ಲಿ ರೇಡಿಯೇಟರಿನ ಟ್ಯಾಂಕು ಪ್ಲಾಸ್ಟಿಕ್ ಆಯ್ತು. ಅದಕ್ಕೆ ಬೆಸುಗೆ ಹತ್ತಲ್ಲ, ಇಡೀ ರೇಡಿಯೇಟರೇ ಬದಲಿಸಬೇಕು. ಇನ್ನು ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಸೂಜಿಯೂ ಇಲ್ಲ, ಕೆಂಪು ದೀಪ ಮಾತ್ರ. ದೀಪ ಹತ್ತುವ ಹೊತ್ತಿಗೆ ತಡವಾಗಿರುತ್ತೆ! ಹತ್ತಾರು ಸೌಕರ್ಯ ಕೊಟ್ಟವರು ಒಂದು ಸೂಜಿ ಉಳಿಸಿದ್ದು ನನಗಂತೂ ಜಿಪುಣತನ ಅನ್ಸುತ್ತೆ.

ಈಗ ಹೆಗ್ಗನಹಳ್ಳಿ ವಿಷಯ. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದ ಹಾಗೆ ಹೆಗ್ಗನಹಳ್ಳಿ, ಸುಂಕದಕಟ್ಟೆ ಕಡೆ ಲೇತ್, ಗ್ರೈಂಡಿಂಗ್, ವೆಲ್ಡಿಂಗ್ ಶೆಡ್‌ಗಳೂ ಬೆಳೆದವು. ಸೊಟ್ಟಗಾದ ಹೆಡ್ಡನ್ನು "ಫೇಸಿಂಗ್" ಮಾಡಿಸೋದಕ್ಕೆ ಇಲ್ಲಿ ದೂರ ಹೋಗಬೇಕಿಲ್ಲ. ಅನುಕೂಲವೇ. ಆದರೆ ಅದರಲ್ಲೇ ಒಂದು ಅಪಾಯ ಕೂಡ ಇದೆ: ಹೆಡ್ ಬಿಚ್ಚೋದು ಇಷ್ಟು ಸುಲಭವಾದಾಗ, ಬೇಡದೇ ಇರುವಾಗಲೂ ಬಿಚ್ಚುತ್ತಾರೆ. ನಮ್ಮ ಪರಿಚಯದವರೊಬ್ಬರಿಗೆ ಒಂದು ಗ್ಯಾರೇಜಿನಲ್ಲಿ, "ಸಾರ್, ಹೆಡ್ ಗ್ಯಾಸ್ಕೆಟ್ ಹೋಗಿದೆ, ಹದಿನೆಂಟು ಸಾವಿರ ಆಗುತ್ತೆ" ಅಂದರು. ಇನ್ನೊಬ್ಬ ಮೆಕ್ಯಾನಿಕ್ ನೋಡಿದರೆ ಫ್ಯಾನಿನ ರಿಲೇ ಸತ್ತಿತ್ತು. ಕೆಲವೇ ನೂರು ರೂಪಾಯಿ.

ಇದನ್ನು ನಾವೇ ಅಂದಾಜು ಮಾಡಬಹುದು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಿಸಿಯಾಗಿ, ಓಡುವಾಗ ಸರಿಹೋದರೆ ಮೊದಲ ಅನುಮಾನ ಫ್ಯಾನ್ ಮೇಲೆ: ಫ್ಯೂಸ್, ರಿಲೇ, ಸ್ವಿಚ್, ಮೋಟಾರು. ತುಮಕೂರು ರಸ್ತೆಯಲ್ಲಿ ವೇಗವಾಗಿ ಹೋಗುವಾಗಲೇ ಬಿಸಿಯಾದರೆ ನೀರು ಸರಿಯಾಗಿ ಹರೀತಿಲ್ಲ: ಕಟ್ಟಿದ ರೇಡಿಯೇಟರ್, ಅಂಟಿಕೊಂಡ ಥರ್ಮೋಸ್ಟ್ಯಾಟ್ ಅಥವಾ ಪಂಪು. ನಮ್ಮ ಕಡೆ ಗಡಸು ಬೋರ್‌ವೆಲ್ ನೀರು ಸುರಿದವರ ರೇಡಿಯೇಟರ್ ಒಳಗೆ ಸುಣ್ಣ ಕಟ್ಟೋದು ಮಾಮೂಲಿ. ಕೂಲೆಂಟ್ ದಿನಾ ಕಮ್ಮಿಯಾಗುತ್ತಾ ಹೋದರೆ ಎಲ್ಲೋ ಸೋರ್ತಿದೆ. ಹೊರಗೆಲ್ಲೂ ಸೋರದೆ ಬಿಳಿ ಹೊಗೆ ಬರ್ತಿದ್ದರೆ, ಆಯಿಲ್ ಹಾಲು ಹಾಕಿದ ಕಾಫಿ ಥರ ಆಗಿದ್ದರೆ, ಆಗ ಹೆಡ್ ಗ್ಯಾಸ್ಕೆಟ್ ಮಾತಾಡಬಹುದು.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. 0.9 ಅಂತ ಬರೆದಿರುವ ಮುಚ್ಚಳ ಒತ್ತಡ ಹಿಡಿದಿಟ್ಟು ಅದನ್ನು 116 ಡಿಗ್ರಿ ಹತ್ತಿರಕ್ಕೆ ಏರಿಸುತ್ತೆ. ಅದರ ರಬ್ಬರ್ ಸವೆದರೆ ಮಿಕ್ಕಿದ್ದೆಲ್ಲಾ ಸರಿಯಿದ್ದರೂ ಗಾಡಿ ಕುದಿಯುತ್ತೆ. ಬಿಸಿ ಇರುವಾಗ ಅದನ್ನು ತೆಗೆಯಲು ಮಾತ್ರ ಹೋಗಬೇಡಿ, ಮುಖಕ್ಕೇ ಹಬೆ ಹಾರುತ್ತೆ.

ಹಳೇ ಮೇಸ್ತ್ರಿಗಳ ಇನ್ನೊಂದು ಮದ್ದು, "ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕಿ ಸಾರ್, ನಮ್ಮೂರಿಗೆ ಯಾಕೆ ಬೇಕು?" ಅಂಬಾಸಡರ್‌ಗೆ ಹೇಗೋ ನಡೀತಿತ್ತು. ಕಂಪ್ಯೂಟರ್ ಇರುವ ಇಂಜಿನ್ ಮಾತ್ರ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರೀತಾನೇ ಇರುತ್ತೆ :-)

ಗ್ಯಾರೇಜಿನವರೆಲ್ಲಾ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಹೆಚ್ಚಿನವರು ಊಹೆಯ ಮೇಲೆ ಕೆಲಸ ಮಾಡ್ತಾರೆ, ಊಹೆಯ ಖರ್ಚು ನಮ್ಮದು. ಹೆಡ್ ಬಿಚ್ಚುವ ಮುಂಚೆ ಪ್ರೆಶರ್ ಟೆಸ್ಟ್ ಮಾಡಿ ತೋರಿಸಿ ಅನ್ನಿ. ಎಸ್ಟಿಮೇಟ್ ಬರೆಸಿಕೊಳ್ಳಿ, ತೆಗೆದ ಹಳೇ ಪಾರ್ಟ್ ವಾಪಸ್ ಕೇಳಿ. ಫೇಸಿಂಗ್ ಆದಮೇಲೆ ಹೆಡ್ ಎಷ್ಟು ದಪ್ಪ ಉಳಿದಿದೆ ಅಂತ ಅಳೆಸಿ. ಅದಕ್ಕೊಂದು ಮಿತಿ ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಮೇಲೆ ದುಡ್ಡು ಕೊಟ್ಟು ಮಾಡಿಸಿದ ರಿಪೇರಿಯೂ "ಸೇವೆ"ಯ ಲೆಕ್ಕಕ್ಕೆ ಬಂತು. 2020ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಜಿಲ್ಲಾ ಆಯೋಗಕ್ಕೆ ಹೋಗಬಹುದು, ಕೈಯಲ್ಲಿ ಬಿಲ್ ಇದ್ದರೆ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸಾರ್" ಅಂದಾಗ ತಲೆ ಆಡಿಸೋ ಮುಂಚೆ ಇದು ನೆನಪಿರಲಿ.