ಹಳೆಯ ಯೆಜ್ಡಿ: ಮೈಸೂರಿನಿಂದ ಕಂದಿಕೆರೆಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಬೈಕ್‌ಗಳ ಮೇಲಿನ ಮೋಹ ಮಾತ್ರ ಅಳಿದಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯವರು ಮೈಸೂರಿನಲ್ಲಿ ಅಂಥದೊಂದನ್ನು ಕೊಂಡರೆ, ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು ಶ್ರೀರಂಗಪಟ್ಟಣ, ನಾಗಮಂಗಲ, ತುರುವೇಕೆರೆ ಮಾರ್ಗವಾಗಿ ಚಿಕ್ಕನಾಯಕನಹಳ್ಳಿ ತಲುಪಿ ಊರು ಸೇರಬಹುದು. ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಮರೆತರೆ ಎಂಜಿನ್ ಸೀಜ್ ಆಗಿ ಯಾವುದೋ ತೆಂಗಿನ ತೋಟದ ಪಕ್ಕದಲ್ಲೇ ಪ್ರಯಾಣ ಮುಗಿದೀತು.

ದಾರಿಗಿಂತ ದಾಖಲೆಯೇ ತೊಡಕಿನದು. ಎಂಜಿನ್ ಹಾಗೂ ಚಾಸಿ ಸಂಖ್ಯೆಗಳನ್ನು ಆರ್‌ಸಿ ಪುಸ್ತಕದೊಡನೆ ತಾಳೆ ನೋಡಬೇಕು. 15 ವರ್ಷ ಮೀರಿದ ವಾಹನವಾದ್ದರಿಂದ ನೋಂದಣಿ ನವೀಕರಣಗೊಂಡಿರಬೇಕು. ವಿಮೆಯಿಲ್ಲದೆ ಹೊರಡುವಂತಿಲ್ಲ. ನಮೂನೆ 29 ಮತ್ತು 30ಕ್ಕೆ ಮಾರುವವರ ಸಹಿಯನ್ನು ಅಲ್ಲಿಯೇ ಪಡೆಯುವುದು ಲೇಸು.

1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನನ್ವಯ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ವರದಿ ಮಾಡಬೇಕು. 'ಆಮೇಲೆ ಮಾಡಿಸಿದರಾಯಿತು' ಎಂಬ ಉದಾಸೀನ ಮಾರಿದವರಿಗೇ ಮುಳುವಾದೀತು. ವಾಹನ ಹಲವು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ.

ರಾಜ್ಯದೊಳಗಿನ ವರ್ಗಾವಣೆಯಾದ್ದರಿಂದ ಹಳೆಯ ನೋಂದಣಿ ಸಂಖ್ಯೆ ಹಾಗೆಯೇ ಉಳಿಯುತ್ತದೆ.