ಶತ್ರು ಬದಲಾದಂತೆ: ಗೂಢಚಾರ ಕಾದಂಬರಿಯ ಹೊಸ ದಾರಿಗಳು

ಇಂಗ್ಲಿಷಿನ ಗೂಢಚಾರ ಕಾದಂಬರಿ ಬೆಳೆದದ್ದೇ ರಾಜಕೀಯ ಭಯದ ನೆರಳಿನಲ್ಲಿ. ಜರ್ಮನಿ ನೌಕಾಬಲ ಹೆಚ್ಚಿಸಿಕೊಳ್ಳುತ್ತಿದ್ದ ಕಾಲಕ್ಕೆ ಎರ್ಸ್ಕಿನ್ ಚಿಲ್ಡರ್ಸ್ ಬರೆದ 'ದಿ ರಿಡಲ್ ಆಫ್ ದಿ ಸ್ಯಾಂಡ್ಸ್' (1903) ಸಮುದ್ರದ ಕಡೆಯಿಂದ ಶತ್ರು ನುಗ್ಗಿ ಬಂದರೆ ಬ್ರಿಟನ್ನಿನ ಗತಿಯೇನು ಎಂದು ಓದುಗರನ್ನು ಹೆದರಿಸಿತು. ಅರ್ಧ ಶತಮಾನದ ಬಳಿಕ, ಸಾಮ್ರಾಜ್ಯ ಕೈಜಾರುತ್ತಿದ್ದಾಗ, ಇಯಾನ್ ಫ್ಲೆಮಿಂಗ್ 'ಕ್ಯಾಸಿನೊ ರಾಯಲ್' (1953) ಮೂಲಕ ಆ ನಷ್ಟವನ್ನು ಮರೆಸಬಲ್ಲ ನಾಯಕನನ್ನು ಕೊಟ್ಟರು. ಬಾಂಡ್ ಮಾದರಿ ಕನ್ನಡಕ್ಕೂ ಬಂತು: 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು.

ಈ ಥಳುಕನ್ನೆಲ್ಲ ಕಳಚಿಹಾಕಿದವರು ಜಾನ್ ಲೆ ಕಾರೆ. ಎಂಐ5, ಎಂಐ6 ಎರಡರಲ್ಲೂ ಕೆಲಸ ಮಾಡಿದ್ದ ಅವರಿಗೆ ಗುಪ್ತಚರ ಇಲಾಖೆಯೂ ಒಂದು ಸರ್ಕಾರಿ ಕಚೇರಿಯೇ ಎಂಬುದು ಚೆನ್ನಾಗಿ ಗೊತ್ತಿತ್ತು. ಬರ್ಲಿನ್ ಗೋಡೆ ಎದ್ದ ಎರಡೇ ವರ್ಷಕ್ಕೆ ಬಂದ 'ದಿ ಸ್ಪೈ ಹೂ ಕೇಮ್ ಇನ್ ಫ್ರಂ ದಿ ಕೋಲ್ಡ್' (1963) ಕಾದಂಬರಿಯಲ್ಲಿ ಬ್ರಿಟಿಷ್ ಇಲಾಖೆ ತನ್ನ ಏಜೆಂಟನಿಗೇ ಸುಳ್ಳು ಹೇಳಿ ಅವನನ್ನು ದಾಳವಾಗಿ ಬಳಸಿಕೊಳ್ಳುತ್ತದೆ. ಶತ್ರು ಹೊರಗಿದ್ದಷ್ಟೇ ಒಳಗೂ ಇದ್ದಾನೆ ಎಂಬ ಈ ಸಂಶಯವೇ ಮುಂದೆ ಪ್ರಕಾರವನ್ನು ಕಾಪಾಡಿತು.

1989ರಲ್ಲಿ ಗೋಡೆ ಬಿದ್ದಾಗ ಇನ್ನು ಇಂಥ ಕಾದಂಬರಿಗಳ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ಲೆ ಕಾರೆ ಮಾತ್ರ 'ದಿ ನೈಟ್ ಮ್ಯಾನೇಜರ್' (1993)ನಲ್ಲಿ ಶಸ್ತ್ರಾಸ್ತ್ರ ವ್ಯಾಪಾರಿಯನ್ನೂ 'ದಿ ಕಾನ್‌ಸ್ಟಂಟ್ ಗಾರ್ಡನರ್' (2001)ನಲ್ಲಿ ಕೀನ್ಯಾದ ಬಡವರ ಮೇಲೆ ಔಷಧ ಪ್ರಯೋಗಿಸುವ ಕಂಪನಿಯನ್ನೂ ಹಿಡಿದರು. 2001ರ ಸೆಪ್ಟೆಂಬರ್ ದಾಳಿಯ ನಂತರದ ಜಗತ್ತನ್ನು 'ಎ ಮೋಸ್ಟ್ ವಾಂಟೆಡ್ ಮ್ಯಾನ್' (2008)ನಷ್ಟು ಹತ್ತಿರದಿಂದ ನೋಡಿದ ಕೃತಿ ಅಪರೂಪ. ಕಥೆ ನಡೆಯುವುದು ಹ್ಯಾಂಬರ್ಗಿನಲ್ಲಿ. ದಾಳಿಕೋರರಲ್ಲಿ ಪ್ರಮುಖನಾದ ಮೊಹಮ್ಮದ್ ಅಟ್ಟಾ ಓದಿದ ಊರು ಅದು. ಅಲ್ಲಿಗೆ ಕದ್ದು ಬಂದ ಅರೆ ಚೆಚನ್ ಯುವಕ ಇಸ್ಸಾ ಉಗ್ರನೋ ಸಂತ್ರಸ್ತನೋ ಯಾರಿಗೂ ತಿಳಿಯದು. ಜರ್ಮನ್ ಅಧಿಕಾರಿ ಬಾಖ್‌ಮನ್ ತಾಳ್ಮೆಯಿಂದ, ಅವನ ಮೂಲಕ ಇನ್ನೂ ದೊಡ್ಡವರನ್ನು ತಲುಪಲು ಬಲೆ ಹೆಣೆಯುತ್ತಾನೆ. ಕೆಲಸ ಇನ್ನೇನು ಕೈಗೂಡಿತು ಅನ್ನುವಾಗ ಅಮೆರಿಕನ್ನರು ನಡುಬೀದಿಯಲ್ಲೇ ಬಂದು ಶಂಕಿತರನ್ನು ಹೊತ್ತೊಯ್ಯುತ್ತಾರೆ. ವಿಚಾರಣೆಯಿಲ್ಲ, ಕೇಳುವವರೂ ಇಲ್ಲ. ಭಯೋತ್ಪಾದನೆ ವಿರುದ್ಧದ ಸಮರದ ಬಗ್ಗೆ ಲೆ ಕಾರೆಗೆ ಇದ್ದ ಸಿಟ್ಟು ಇಲ್ಲಿ ಭಾಷಣವಾಗದೆ ಕಥೆಯಾಗಿದೆ. ಅವರ ನಂತರದ ಎಲ್ಲ ಪುಸ್ತಕಗಳ ಬಗ್ಗೆ ಹೀಗೆ ಹೇಳಲಾಗದು.

ಅದೇ ದಶಕದಲ್ಲಿ ಎಂಐ5ನ ಮೊದಲ ಮಹಿಳಾ ಮುಖ್ಯಸ್ಥೆ ಸ್ಟೆಲ್ಲಾ ರಿಮಿಂಗ್ಟನ್ 'ಅಟ್ ರಿಸ್ಕ್' (2004) ಬರೆದು ಭಯೋತ್ಪಾದನೆಯ ತನಿಖೆಯನ್ನು ಮಹಿಳಾ ಅಧಿಕಾರಿಯ ಕೈಗಿತ್ತರು.

ಮಿಕ್ ಹೆರನ್ ಹಿಡಿದದ್ದು ವಿಡಂಬನೆಯ ದಾರಿ. 'ಸ್ಲೋ ಹಾರ್ಸಸ್' (2010)ನ ಸ್ಲೌ ಹೌಸ್ ಎಂದರೆ ತಪ್ಪು ಮಾಡಿದ ಬೇಹುಗಾರರನ್ನು ಎತ್ತಂಗಡಿ ಮಾಡುವ ಲಂಡನ್ನಿನ ಹಳೇ ಕಟ್ಟಡ. ಕೆಲಸವೇನಿದ್ದರೂ ಕಡತ ಉಜ್ಜುವುದು. ಕೊಳಕು ಕಾಲುಚೀಲ, ಕೊಳಕು ಬಾಯಿಯ ಜಾಕ್ಸನ್ ಲ್ಯಾಂಬ್ ಅಲ್ಲಿನ ಸಾಹೇಬ. ಈ ಕಾದಂಬರಿಯಲ್ಲಿ ಪಾಕಿಸ್ತಾನಿ ಮೂಲದ ಬ್ರಿಟಿಷ್ ವಿದ್ಯಾರ್ಥಿಯನ್ನು ಅಪಹರಿಸಿ, ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡುತ್ತಲೇ ತಲೆ ಕಡಿಯುತ್ತೇವೆಂದು ಬೆದರಿಸುವವರು ಸ್ಥಳೀಯ ಬಲಪಂಥೀಯರು. ಭೀತಿ ಹುಟ್ಟಿಸುವವರು ಎಲ್ಲಿಂದಲೋ ಬರಬೇಕಿಲ್ಲ.

ಬ್ರೆಕ್ಸಿಟ್ ಕಾಲಕ್ಕೆ ಲೆ ಕಾರೆ ಅವರ 'ಏಜೆಂಟ್ ರನ್ನಿಂಗ್ ಇನ್ ದಿ ಫೀಲ್ಡ್' (2019) ಬಂತು. ಯುರೋಪನ್ನು ನಂಬಿದ ಯುವಕನೊಬ್ಬ ಬ್ರಿಟನ್ ಮತ್ತು ಅಮೆರಿಕದ ಗುಟ್ಟಿನ ಒಪ್ಪಂದವನ್ನು ಬಯಲಿಗೆಳೆಯಲು ಹೊರಡುತ್ತಾನೆ; ಅವನು ದ್ರೋಹಿಯೇ ಎಂಬ ಪ್ರಶ್ನೆಗೆ ಹಳೆಯ ಉತ್ತರ ಸಾಲುವುದಿಲ್ಲ. ಅತ್ತ ಅಮೆರಿಕದಲ್ಲಿ ಸಿಐಎ ಬಿಟ್ಟು ಬಂದವರೇ ಬರೆಯತೊಡಗಿದರು. ಜೇಸನ್ ಮ್ಯಾಥ್ಯೂಸ್ 'ರೆಡ್ ಸ್ಪ್ಯಾರೋ' (2013) ಮೂಲಕ ಪುಟಿನ್‌ರ ರಷ್ಯಾವನ್ನು ಮತ್ತೆ ಎದುರಾಳಿಯಾಗಿಸಿದರೆ, ಡೇವಿಡ್ ಮೆಕ್ಲಾಸ್ಕಿ 'ಡಮಾಸ್ಕಸ್ ಸ್ಟೇಷನ್' (2021)ನಲ್ಲಿ ಸಿರಿಯಾದ ಅಂತರ್ಯುದ್ಧಕ್ಕೆ ಹೋದರು.

ಭಾರತದಲ್ಲಿ 'ರಾ' ಸಂಸ್ಥೆಯ ನಿವೃತ್ತ ಅಧಿಕಾರಿ ಅಮರ್ ಭೂಷಣ್ 2012ರಲ್ಲಿ 'ಎಸ್ಕೇಪ್ ಟು ನೋವೇರ್' ಪ್ರಕಟಿಸಿದರು. 2004ರಲ್ಲಿ ಅದೇ ಸಂಸ್ಥೆಯ ಅಧಿಕಾರಿಯೊಬ್ಬ ಅಮೆರಿಕಕ್ಕೆ ಪರಾರಿಯಾದ ಘಟನೆ ಅದರ ಹಂದರ. ಲೆ ಕಾರೆಯ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' (1974)ನಲ್ಲಿ ಒಳಗಿನ ದ್ರೋಹಿ ಸಿಕ್ಕಿಬೀಳುತ್ತಾನೆ. ಇಲ್ಲಿ ಸಹೋದ್ಯೋಗಿಗಳು ಕಣ್ಣಿಟ್ಟು ಕಾಯುತ್ತಿರುವಾಗಲೇ ಅವನು ದೇಶ ದಾಟಿರುತ್ತಾನೆ.