ಗುರುಬಸದಿಯ ಓಲೆಗಳು

ಬಂಟವಾಳದಿಂದ ಸಿದ್ಧಕಟ್ಟೆಯ ಮೇಲಾಗಿಯೋ, ಬೆಳ್ತಂಗಡಿಯಿಂದ ವೇಣೂರಿನ ಮೇಲಾಗಿಯೋ ಮೂಡುಬಿದಿರೆಗೆ ಬರುವ ಯಾತ್ರಿಕನು ಮೊದಲು ವಿಚಾರಿಸುವುದು 1430ರ ಸಾವಿರ ಕಂಬದ ಬಸದಿಯನ್ನು. ಅದು ನೋಡತಕ್ಕದ್ದೇ ಸರಿ. ಆದರೆ ಚರಿತ್ರೆಯಲ್ಲಿ ಆಸಕ್ತಿಯುಳ್ಳವನು ಗುರುಬಸದಿಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಧವಲಾ, ಜಯಧವಲಾ, ಮಹಾಧವಲಾ ಎಂಬ ದಿಗಂಬರ ಸಿದ್ಧಾಂತಗ್ರಂಥಗಳ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ತಾಣವದು. ಸಿದ್ಧಾಂತ ಬಸದಿಯೆಂಬ ಹೆಸರು ಬಂದುದೂ ಅದರಿಂದಲೇ.

ಗಿರಿನಾರ್ ಪರ್ವತದ ಗುಹೆಯೊಂದರಲ್ಲಿ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿಗಳೆಂಬ ಇಬ್ಬರು ಮುನಿಗಳಿಗೆ ಹೇಳಿಕೊಟ್ಟ ವಿದ್ಯೆಯೇ ಪ್ರಾಕೃತದ ಷಟ್ಖಂಡಾಗಮವಾಯಿತೆಂದು ಪರಂಪರೆ ಹೇಳುತ್ತದೆ. ಅದಕ್ಕೆ ವೀರಸೇನರು ಬರೆದ ಟೀಕೆ ಧವಲಾ. ಇನ್ನೊಂದು ಆಗಮಗ್ರಂಥಕ್ಕೆ ಅವರು ತೊಡಗಿದ ಜಯಧವಲಾ ಟೀಕೆಯನ್ನು ಶಿಷ್ಯ ಜಿನಸೇನರು 837ರಲ್ಲಿ, ಅಮೋಘವರ್ಷನ ಆಳಿಕೆಯಲ್ಲಿ, ಪೂರ್ಣಗೊಳಿಸಿದರು. ಉತ್ತರದ ಭಂಡಾರಗಳಲ್ಲಿ ಇವುಗಳ ಹಳೆಯ ಪ್ರತಿಗಳು ಉಳಿಯಲಿಲ್ಲ. ಇಲ್ಲಿ ಉಳಿದವು, ಹಳಗನ್ನಡ ಲಿಪಿಯಲ್ಲಿ! ಮಹಾಧವಲಾ ಓಲೆಯನ್ನು ಮಲ್ಲಿಕಬ್ಬೆಯೆಂಬ ಸಾಧ್ವಿ ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು.

ಕಾಲಕ್ರಮದಲ್ಲಿ ಓದು ನಿಂತು ದರ್ಶನವಷ್ಟೇ ಉಳಿಯಿತು. ಯಾತ್ರಿಕರು ಕಾಣಿಕೆಯಿಟ್ಟು ಓಲೆಗಳಿಗೆ ಕೈಮುಗಿದು ಮರಳುತ್ತಿದ್ದರು. ಮುಂಬಯಿಯ ಮಾಣಿಕಚಂದ್, ಸೊಲ್ಲಾಪುರದ ಹಿರಾಚಂದ್ ಮೊದಲಾದ ಶ್ರೇಷ್ಠಿಗಳ ಒತ್ತಾಸೆಯಿಂದ 1896ರ ಸುಮಾರಿಗೆ ನಕಲು ಮಾಡುವ ಕೆಲಸ ಆರಂಭವಾಯಿತು, ಮುಗಿದದ್ದು 1922ಕ್ಕೆ. ಪ್ರತಿ ಊರು ಬಿಟ್ಟು ಹೋಗಬಾರದೆಂಬುದು ಇಲ್ಲಿಯವರ ಕಟ್ಟಳೆ. ಕ್ಷೇತ್ರದ ಮಹಿಮೆ ಕುಂದೀತೆಂಬ ಅಳುಕನ್ನು ನಾವು ಹಗುರಾಗಿ ನಗಬಾರದು. ಆ ಅಳುಕೇ ಅಷ್ಟು ಕಾಲ ಓಲೆಗಳನ್ನು ಕಾದಿತ್ತಲ್ಲವೆ?

ಆದರೆ ನಕಲು ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದರಲ್ಲಿ ಕೈಗೂಡಿಸಿದವರು ಅವರ ಪತ್ನಿ ಲಕ್ಷ್ಮೀಬಾಯಿ. ಆ ಪ್ರತಿ ಸಹಾರನ್‌ಪುರಕ್ಕೆ ಹೋಯಿತು. ಅಲ್ಲಿಂದ ನಾಗರಿಗೆ ಇಳಿದು, ಮತ್ತೊಮ್ಮೆ ಗುಟ್ಟಾಗಿಯೇ ನಕಲುಗೊಂಡು, ಊರೂರಿಗೆ ಹಬ್ಬಿತು. ಇದು ವಿಶ್ವಾಸಭಂಗವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಮಲ್ಲಿಕಬ್ಬೆಯ ಹೆಸರಿನೊಡನೆ ಲಕ್ಷ್ಮೀಬಾಯಿಯ ಹೆಸರನ್ನೂ ಸ್ಮರಿಸಬೇಕೆಂದೇ ನನಗೆ ತೋರುತ್ತದೆ. ಆ ಬರವಣಿಗೆ ನಡೆಯದಿದ್ದರೆ 1939ರಲ್ಲಿ ಹೀರಾಲಾಲ್ ಜೈನರು ಧವಲಾದ ಮೊದಲ ಸಂಪುಟವನ್ನು ಅಚ್ಚಿಗೆ ಕೊಡುವುದು ಸಾಧ್ಯವಾಗುತ್ತಿರಲಿಲ್ಲ.

ನಕಲಿನ ನಕಲಾದ್ದರಿಂದ ಅದರಲ್ಲಿ ತಪ್ಪುಗಳು ಹೇರಳ. ಮುಂದಿನ ಸಂಪುಟಗಳ ಹೊತ್ತಿಗೆ ಮೂಡುಬಿದಿರೆಯ ಚಾರುಕೀರ್ತಿ ಸ್ವಾಮಿಗಳೇ ಬಸದಿಯ ಪೆಟ್ಟಿಗೆ ತೆರೆಸಿ, ಅಚ್ಚಿನ ಪಾಠವನ್ನು ಮೂಲ ಓಲೆಗಳೊಡನೆ ತಾಳೆ ನೋಡಲು ಅನುವು ಮಾಡಿಕೊಟ್ಟರು.